ಕಾಡುಗೋಡಿಯಲ್ಲಿ ವಿಮಾನ ಹುಡುಕಿದ ಮೂರು ಶನಿವಾರ

ಮಕ್ಕಳೇ, ಕಾಡುಗೋಡಿಯ ಮೆಟ್ರೊ ನಿಲ್ದಾಣಕ್ಕೆ ನೀವು ಹೋಗಿದ್ದರೆ, ಒಳಗೆ ಹೋಗುವ ದಾರಿಯಲ್ಲಿ ಬಾಗಿಲಿಲ್ಲದ ಬಾಗಿಲುವಾಡದಂಥ ಒಂದು ಚೌಕಟ್ಟನ್ನು ನೋಡಿರುತ್ತೀರಿ. ಅದರೊಳಗೆ ಹಾದರೆ 'ಕುಂಯ್' ಎಂದು ಸದ್ದಾಗುತ್ತದೆ. ಆಮೇಲೆ ಕಾವಲಿನವರು ಕೈಯಲ್ಲಿ ಹಿಡಿದ ಬ್ಯಾಟಿನಂಥ ಸಾಧನವನ್ನು ನಿಮ್ಮ ಜೇಬಿನ ಹತ್ತಿರ ಆಡಿಸುತ್ತಾರೆ. ಜೇಬಿನಲ್ಲಿ ಬೀಗದ ಕೈ ಇದ್ದರೆ ಮತ್ತೆ 'ಕುಂಯ್'. ಇದೇ ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್. ಇಂಥದ್ದೊಂದನ್ನು ನಾವೇ ತಯಾರಿಸಿಕೊಂಡು, ಎರಡನೆಯ ಮಹಾಯುದ್ಧದ ಕಾಲದ ವಿಮಾನವೊಂದನ್ನು ಹುಡುಕಲು ಹೋದ ಕತೆಯನ್ನು ನಿಮಗೆ ಹೇಳುತ್ತೇನೆ. ನಿಮ್ಮ ಗುರುಗಳೂ ಓದಲಿ. ಈ ಕತೆಯಲ್ಲಿ ತಪ್ಪು ಮಾಡಿದವನು ಮೇಷ್ಟ್ರು, ಅಂದರೆ ನಾನೇ.

ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ವಿಜ್ಞಾನದ ಪ್ರಯೋಗಗಳನ್ನು ಮಾಡಿ ತೋರಿಸುವುದು ನನ್ನ ಕೆಲಸ. ಆಯಸ್ಕಾಂತ, ಮಸೂರ, ತಂತಿ, ಬಲ್ಬುಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತೇನೆ. 2023ರ ಡಿಸೆಂಬರಿನಲ್ಲಿ ಕಾಡುಗೋಡಿ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಅದಕ್ಕೆ ಕೆಲವೇ ದಿನ ಹಿಂದೆ ಅರುಣಾಚಲ ಪ್ರದೇಶದ ಪಾಸಿಘಾಟ್‌ನಲ್ಲಿ ಯುದ್ಧಕಾಲದ ವಿಮಾನಗಳ ಅವಶೇಷಗಳನ್ನಿಟ್ಟ ವಸ್ತುಸಂಗ್ರಹಾಲಯವೊಂದು ತೆರೆದಿತ್ತು. ಏಳನೆಯ ತರಗತಿಗೆ ಆ ಸುದ್ದಿಯನ್ನೇ ಹೇಳಿದೆ.

1942ರಿಂದ 1945ರವರೆಗೆ ಅಸ್ಸಾಮಿನಿಂದ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ವಿಮಾನಗಳು ಹಿಮಾಲಯದ ಪೂರ್ವ ತುದಿಯನ್ನು ದಾಟಬೇಕಾಗಿತ್ತು. ಎತ್ತಿನ ಹಿಣಿಲಿನಂತೆ ಎದ್ದು ನಿಂತ ಆ ಬೆಟ್ಟಸಾಲನ್ನು ವಿಮಾನ ಚಾಲಕರು 'ಹಂಪ್' ಎಂದು ಕರೆದರು. ಮೋಡ, ಹಿಮ, ಬಿರುಗಾಳಿಗಳಿಗೆ ಸಿಕ್ಕಿ ಆ ದಾರಿಯಲ್ಲಿ ಸುಮಾರು 600 ವಿಮಾನಗಳು ನಾಶವಾದವು. ಅವುಗಳಲ್ಲಿ ಒಂದು, 'ಹಾಟ್ ಆ್ಯಸ್ ಹೆಲ್' ಎಂಬ ಹೆಸರಿನ ಲಿಬರೇಟರ್ ವಿಮಾನ. 1944ರ ಜನವರಿ 25ರಂದು ಚೀನಾದ ಕುನ್‌ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಹಿಂದಿರುಗುವಾಗ 8 ಮಂದಿಯೊಂದಿಗೆ ಕಾಣೆಯಾಯಿತು. 62 ವರ್ಷಗಳ ನಂತರ, 2006ರಲ್ಲಿ, ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಪರ್ವತಾರೋಹಿ ಅದನ್ನು ದಮ್ರೋ ಎಂಬ ಹಳ್ಳಿಯ ಮೇಲಿನ ಕಾಡಿನಲ್ಲಿ ಕಂಡರು. ಅವರು ಹುಡುಕುವ ರೀತಿ ಸರಳ. ಹಳ್ಳಿಗಳಿಗೆ ಹೋಗಿ ಬೇಟೆಗಾರರನ್ನು ವಿಚಾರಿಸುತ್ತಾರೆ, ಅವರ ಹಿಂದೆಯೇ ಬೆಟ್ಟ ಹತ್ತುತ್ತಾರೆ. ಈ ಮಾತನ್ನು ನಾನೇ ತರಗತಿಯಲ್ಲಿ ಹೇಳಿದೆ. ಹೇಳಿದ ನನ್ನ ತಲೆಗೇ ಅದು ಹೋಗಲಿಲ್ಲ ಎಂಬುದು ಮುಂದೆ ನಿಮಗೆ ತಿಳಿಯುತ್ತದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಮ್ ಕೆರೇಲೂ ಯುದ್ಧದ ವಿಮಾನ ಬಿದ್ದಿತ್ತಂತೆ. ನಮ್ ಮುತ್ತಾತ ಕಣ್ಣಾರೆ ನೋಡವ್ರಂತೆ" ಎಂದಳು.

ತರಗತಿ ಗೊಳ್ಳೆಂದಿತು. "ಅವರ ಮುತ್ತಾತ ಹುಲೀನೂ ಹಿಡಿದವ್ರೆ ಸಾರ್" ಎಂದ ಒಬ್ಬ. ನಾನೂ ನಕ್ಕೆ. "ಆಯ್ತಮ್ಮ, ಕೂತ್ಕೋ" ಎಂದು ಆಯಸ್ಕಾಂತದ ಪಾಠಕ್ಕೆ ಹೋದೆ. ಅವಳು ಕೂತಳು. ಅಲ್ಲಿಯವರೆಗೆ ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದವಳು ಆಮೇಲೆ ಒಮ್ಮೆಯೂ ಎತ್ತಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅದೇ ಯೋಚನೆ. ನಾನು ನಕ್ಕದ್ದು ಯಾವ ಆಧಾರದ ಮೇಲೆ? ಅವಳ ಮಾತು ಸುಳ್ಳೆಂದು ನನಗೆ ಗೊತ್ತಿತ್ತೇ? ಯೋಚಿಸಿದಷ್ಟೂ ಅದು ಅಸಾಧ್ಯವಲ್ಲ ಎನ್ನಿಸಿತು. ಕಾಡುಗೋಡಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ವಿಮಾನ ಕಾರ್ಖಾನೆಯಿದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಅದನ್ನು ಸ್ಥಾಪಿಸಿದರು. ಆಗ ಅದರ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಯುದ್ಧ ಜೋರಾದಾಗ, 1943ರಲ್ಲಿ, ಅದನ್ನು ಅಮೆರಿಕದ ಸೇನಾ ವಾಯುಪಡೆಗೆ ವಹಿಸಲಾಯಿತು. ಬರ್ಮಾ, ಚೀನಾ ಕಡೆ ಹಾರುತ್ತಿದ್ದ ಬಾಂಬರುಗಳು, ಸಾಗಣೆ ವಿಮಾನಗಳು ದುರಸ್ತಿಗೆ ಇಲ್ಲಿಗೆ ಬರುತ್ತಿದ್ದವು. ದುರಸ್ತಿಗೆ ಬಂದ ವಿಮಾನ ಸುತ್ತಲಿನ ಹೊಲದಲ್ಲಿ ಬೀಳಬಾರದೇಕೆ?

ಮುಂದಿನ ವಾರ ಮತ್ತೆ ಆ ಶಾಲೆಗೆ ಹೋಗಿ, ಎಲ್ಲರೆದುರು ಆ ಹುಡುಗಿಗೆ "ನಾನು ನಗಬಾರದಿತ್ತು" ಎಂದೆ. "ನಿಜವೋ ಅಲ್ಲವೋ, ಹುಡುಕಿಯೇ ನೋಡೋಣ. ಎಲ್ಲಿ ಬಿತ್ತಂತೆ?" ಅವಳು ಕೆರೆಯ ಅಂಚಿನ ಒಂದು ಹೊಲವನ್ನು ತೋರಿಸಿದಳು. ಆ ಜಮೀನು ಆಗಲೇ ಮಾರಾಟವಾಗಿತ್ತು. ಫೆಬ್ರವರಿಯಲ್ಲಿ ಕಾಂಪೌಂಡಿನ ಪಾಯ ತೆಗೆಯುತ್ತಾರೆಂದು ಸುದ್ದಿ. ನಮಗೆ ಉಳಿದದ್ದು ಜನವರಿಯ ಶನಿವಾರಗಳು ಮಾತ್ರ. ಮುಖ್ಯೋಪಾಧ್ಯಾಯರು ಒಪ್ಪಿದರು. ಜಮೀನಿನವರೂ ಒಪ್ಪಿದರು, "ಚಿನ್ನ ಸಿಕ್ಕರೆ ಅರ್ಧ ನಂದು" ಎಂಬ ಷರತ್ತಿನೊಂದಿಗೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಹಂಚಿಕೊಳ್ಳುವಂತಿಲ್ಲ ಎಂದು ವಿವರಿಸಬೇಕಾಯಿತು.

ಈಗ ಸಾಧನದ ವಿಷಯ. ಬೋರ್‌ವೆಲ್ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಯಿಂದ ಎನಾಮಲ್ ಲೇಪದ ತಾಮ್ರದ ತಂತಿ ತಂದೆವು. 25 ಸೆಂಟಿಮೀಟರ್ ಅಗಲದ ಪ್ಲೈವುಡ್ ಬಿಲ್ಲೆಯ ಸುತ್ತ ಅದನ್ನು ಸುತ್ತಿ, ಪ್ಲಾಸ್ಟಿಕ್ ಕೊಳವೆಯ ಹಿಡಿ ಜೋಡಿಸಿದೆವು. ಮೊಳೆ ಹೊಡೆಯುವಂತಿಲ್ಲ, ಏಕೆಂದರೆ ಮೊಳೆಯೂ ಲೋಹವೇ! ಎಲ್ಲವೂ ಗೋಂದು ಮತ್ತು ದಾರದ ಕೆಲಸ. ಎಸ್.ಪಿ. ರಸ್ತೆಯಿಂದ ಟ್ರಾನ್ಸಿಸ್ಟರು, ಕೆಪಾಸಿಟರುಗಳು ಬಂದವು. 9 ವೋಲ್ಟಿನ ಬ್ಯಾಟರಿ ಸಾಕು. ಶಾಕ್ ಹೊಡೆಯುವ ಭಯವಿಲ್ಲ.

ಇದು ಕೆಲಸ ಮಾಡುವ ಬಗೆ ಹೀಗೆ. ಸಂಗೀತಗಾರರು ತಂಬೂರಿಯ ಎರಡು ತಂತಿಗಳನ್ನು ಶ್ರುತಿ ಮಾಡುವುದನ್ನು ಕೇಳಿದ್ದೀರಾ? ಎರಡೂ ಪೂರ್ತಿ ಹೊಂದದೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ 'ವಂವ್ ವಂವ್' ಎಂದು ಅಲೆ ಅಲೆಯಾಗಿ ಕೇಳುತ್ತದೆ. ಇದಕ್ಕೆ ವಿಸ್ಪಂದನ ಎನ್ನುತ್ತಾರೆ. ನಮ್ಮ ಸಾಧನದಲ್ಲೂ ಎರಡು 'ತಂತಿ'ಗಳಿವೆ, ಅಂದರೆ ಎರಡು ಆಂದೋಲಕ ಮಂಡಲಗಳು. ಒಂದು ಸೆಕೆಂಡಿಗೆ 3,00,000 ಬಾರಿ ಕಂಪಿಸುತ್ತದೆ ಎನ್ನೋಣ. ನೆಲದ ಮೇಲೆ ಆಡಿಸುವ ಸುರುಳಿಗೆ ಸೇರಿದ ಇನ್ನೊಂದು 3,00,400 ಬಾರಿ. ಇವೆರಡೂ ನಮ್ಮ ಕಿವಿಗೆ ಕೇಳುವುದಿಲ್ಲ. ಆದರೆ ಎರಡನ್ನೂ ಬೆರೆಸಿದಾಗ ಹುಟ್ಟುವ ವ್ಯತ್ಯಾಸ, ಸೆಕೆಂಡಿಗೆ 400 ಕಂಪನ, ಸಣ್ಣ ಸಿಳ್ಳಿನಂತೆ ಕೇಳುತ್ತದೆ. ಸುರುಳಿಯ ಕೆಳಗೆ ಅಲ್ಯೂಮಿನಿಯಂ ಚೂರು ಬಂತೆನ್ನಿ. ಸುರುಳಿಯ ಬದಲಾಗುವ ಕಾಂತಕ್ಷೇತ್ರ ಆ ಚೂರಿನಲ್ಲಿ ಸುಳಿ ಸುಳಿಯಾದ ವಿದ್ಯುತ್ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹದ ಕಾಂತಕ್ಷೇತ್ರ ಸುರುಳಿಯದನ್ನು ವಿರೋಧಿಸುತ್ತದೆ. ಆವೃತ್ತಿ ತುಸು ಏರುತ್ತದೆ, ಸಿಳ್ಳು ಬದಲಾಗುತ್ತದೆ. ಕಬ್ಬಿಣದ ಸಣ್ಣ ಚೂರಾದರೆ ಆವೃತ್ತಿ ಇಳಿಯುವುದೂ ಉಂಟು. ಕಬ್ಬಿಣದ ದೊಡ್ಡ ತಗಡಾದರೆ ಅದೂ ಅಲ್ಯೂಮಿನಿಯಂನಂತೆಯೇ ನಟಿಸಿ ಮೋಸ ಮಾಡುತ್ತದೆ.

ಮೊದಲ ಶನಿವಾರ ದಾರ ಕಟ್ಟಿ, ಸುಣ್ಣದ ಪುಡಿ ಹಾಕಿ, ಹೊಲವನ್ನು ಚೌಕಗಳಾಗಿ ಭಾಗ ಮಾಡಿದೆವು. ಒಬ್ಬರು ಸುರುಳಿ ಆಡಿಸುವುದು, ಒಬ್ಬರು ಕಿವಿಗೊಡುವುದು, ಒಬ್ಬರು ಬಾವುಟ ನೆಡುವುದು, ಒಬ್ಬರು ಪುಸ್ತಕದಲ್ಲಿ ಬರೆಯುವುದು. ಬರೆಯುವ ಕೆಲಸವನ್ನು ಆ ಹುಡುಗಿಯೇ ಕೇಳಿ ಪಡೆದಳು. ಸಾಧನ ಶುರು ಮಾಡಿದ ಕೂಡಲೇ ಎಲ್ಲಿ ಹಿಡಿದರೂ ಕಿರುಚತೊಡಗಿತು. ವಿಮಾನ ಇಷ್ಟು ದೊಡ್ಡದೇ ಎಂದು ಹುಡುಗರು ಕುಣಿದರು. ನೋಡಿದರೆ, ಸುರುಳಿಯ ಪಕ್ಕದಲ್ಲೇ ನಡೆಯುತ್ತಿದ್ದ ಹುಡುಗಿಯ ಕಾಲ್ಗೆಜ್ಜೆ! ಗೆಜ್ಜೆ, ಬೆಲ್ಟು, ನನ್ನ ಬೀಗದ ಕೈ ಎಲ್ಲವೂ ಮರದ ಕೆಳಗಿನ ಚೀಲಕ್ಕೆ ಹೋದವು. ಆಮೇಲೂ ಸುರುಳಿಯನ್ನು ಎತ್ತಿ ಇಳಿಸಿದಂತೆಲ್ಲ ಸದ್ದು ಬದಲಾಗುತ್ತಿತ್ತು. ನಮ್ಮ ಕಡೆಯ ಕೆಂಪು ಮಣ್ಣಿಗೆ ಆ ಬಣ್ಣ ಕೊಟ್ಟದ್ದೇ ಕಬ್ಬಿಣದ ಆಕ್ಸೈಡು. ನೆಲವೇ ತುಸು 'ಲೋಹ'ವಾಗಿ ಕಾಣುತ್ತದೆ. ಒಂದೇ ಎತ್ತರದಲ್ಲಿ ಆಡಿಸುವುದನ್ನು ಕಲಿಯಲು ಅರ್ಧ ದಿನ ಬೇಕಾಯಿತು.

ಮೊದಲೆರಡು ಶನಿವಾರ ಸಿಕ್ಕಿದ್ದು ಸೋಡಾ ಬಾಟಲಿಯ ಮುಚ್ಚಳಗಳು, ಬೇಲಿಯ ತಂತಿ, ಎತ್ತಿನ ಲಾಳ ಎರಡು, ಒಂದು ಮುರಿದ ಕುಡುಗೋಲು, ಲೆಕ್ಕವಿಲ್ಲದಷ್ಟು ಮೊಳೆ. ನಾವು ಗೇಣುದ್ದಕ್ಕಿಂತ ಆಳ ಅಗೆಯಲಿಲ್ಲ. ನೀವೂ ಅಗೆಯಬೇಡಿ. ಚಿಪ್ಪಿನಂಥ, ಕೊಳವೆಯಂಥ ತುಕ್ಕು ಹಿಡಿದ ವಸ್ತು ಕಂಡರೆ ಮುಟ್ಟದೆ ದೂರ ಸರಿದು ದೊಡ್ಡವರಿಗೆ ಹೇಳಿ, 112ಕ್ಕೆ ಫೋನ್ ಮಾಡಿಸಿ. ಹಳೆಯ ಸಿಡಿಮದ್ದು ವಯಸ್ಸಾಯಿತೆಂದು ಸುಮ್ಮನಿರುವುದಿಲ್ಲ.

ಆಳದ ಪ್ರಶ್ನೆ ಬಂದಾಗ ನಾನು ಒಂದು ಲೆಕ್ಕ ಕೊಟ್ಟೆ. ಸಣ್ಣ ವಸ್ತುವೊಂದು ಸುರುಳಿಯ ಅಗಲಕ್ಕಿಂತ ದೂರದಲ್ಲಿದ್ದರೆ, ದೂರ ಎರಡು ಪಟ್ಟಾದಾಗ ಅದಕ್ಕೆ ತಲಪುವ ಕಾಂತಕ್ಷೇತ್ರ 8ನೇ ಒಂದು ಭಾಗವಾಗುತ್ತದೆ. ಅಲ್ಲಿಂದ ವಾಪಸು ಬರುವಾಗ ಮತ್ತೆ 8ನೇ ಒಂದು ಭಾಗ. ಎರಡನ್ನೂ ಗುಣಿಸಿದರೆ 64ನೇ ಒಂದು ಭಾಗ! "ಹಾಗಾದ್ರೆ ವಿಮಾನ ಕೆಳಗೇ ಇದ್ದು ನಮಗೆ ಕೇಳಿಸದೆಯೂ ಇರಬಹುದಲ್ವಾ ಸಾರ್?" ಎಂದಳು ಹುಡುಗಿ. ಇರಬಹುದು. ಹುಡುಕಿದಾಗ ಸಿಗಲಿಲ್ಲ ಎಂಬುದೂ ಇಲ್ಲ ಎಂಬುದೂ ಒಂದೇ ಅಲ್ಲ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಮೂರನೆಯ ಶನಿವಾರ, ಇನ್ನೇನು ಮುಗಿಸಬೇಕು ಎನ್ನುವಾಗ ಬದುವಿನ ಬಳಿ ಸಿಳ್ಳು ಸರ್ರನೆ ಏರಿತು. ಅಂಗೈ ಅಗಲದ ತಗಡು. ಆಯಸ್ಕಾಂತಕ್ಕೆ ಅಂಟಲಿಲ್ಲ. ಮಣ್ಣು ಒರೆಸಿದರೆ ಒಂದು ಅಂಚಿನಲ್ಲಿ ಸಾಲಾಗಿ ರಿವೆಟ್ಟಿನ ತೂತುಗಳು! ಆ ಕ್ಷಣ ನನ್ನ ಎದೆಯೂ ಡವಡವ ಎಂದಿತೆಂದು ಒಪ್ಪಿಕೊಳ್ಳಬೇಕು. ಹುಲಿಯ ಮಾತಾಡಿದ್ದ ಹುಡುಗನೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಶಾಲೆಯವರೆಗೆ ಹೊತ್ತ.

ವಿಮಾನದ ಮೈಗೆ ಬಳಸುವುದು ಬರೀ ಅಲ್ಯೂಮಿನಿಯಂ ಅಲ್ಲ, ತಾಮ್ರ ಬೆರೆಸಿದ ಡ್ಯೂರಾಲುಮಿನ್ ಎಂಬ ಮಿಶ್ರಲೋಹ. ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಡ್ಯೂರಾಲುಮಿನ್‌ನದು ಸುಮಾರು 2.8. ನಮ್ಮ ತಗಡನ್ನು ತೂಗಿದೆವು: 41 ಗ್ರಾಂ. ಮಡಿಸಿ ಅಳತೆ ಜಾಡಿಯ ನೀರಿಗೆ ಇಳಿಸಿದರೆ ನೀರು ಏರಿದ್ದು 15 ಮಿಲಿಲೀಟರ್. ಭಾಗಿಸಿದರೆ 2.73. ಹುಡುಗರು "ಯಾವುದು ಸಾರ್, ಯಾವುದು?" ಎಂದು ಮುತ್ತಿಕೊಂಡರು. ಆದರೆ ಆ ಜಾಡಿಯಲ್ಲಿ ಅರ್ಧ ಮಿಲಿಲೀಟರ್ ಆಚೀಚೆ ಓದುವುದು ಸಹಜ. ಗಾತ್ರ 14.5 ಆದರೆ ಉತ್ತರ 2.83, 15.5 ಆದರೆ 2.65. ಎರಡು ಲೋಹಗಳೂ ಈ ಎಲ್ಲೆಯೊಳಗೇ ಬರುತ್ತವೆ. ನಮ್ಮ ಜಾಡಿಗೆ ಉತ್ತರ ಹೇಳುವ ಶಕ್ತಿಯೇ ಇಲ್ಲ. ಸಾಲದ್ದಕ್ಕೆ, ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು ಬಸ್ಸಿನ ಮೈಯಲ್ಲೂ ಇರುತ್ತದೆ. ಯುದ್ಧ ಮುಗಿದ ಮೇಲೆ ನಮ್ಮ ವಿಮಾನ ಕಾರ್ಖಾನೆಯೇ ರೈಲು ಬೋಗಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿತು! ಆ ತಗಡು ಈಗಲೂ ಶಾಲೆಯ ಬೀರುವಿನಲ್ಲಿದೆ. ಚೀಟಿಯಲ್ಲಿ ಬರೆದಿರುವುದು ಇಷ್ಟೇ: 'ಅಲ್ಯೂಮಿನಿಯಂ ತಗಡು. ಯಾವುದರದೆಂದು ತಿಳಿಯದು.'

ಆ ರಾತ್ರಿ ನನಗೆ ಗ್ರಹಾಂ ಬೆಲ್ ನೆನಪಾದರು. ಟೆಲಿಫೋನ್ ಕಂಡುಹಿಡಿದ ಅವರೇ ಲೋಹಶೋಧಕವನ್ನೂ ಮೊದಲು ಬಳಸಿದವರಲ್ಲಿ ಒಬ್ಬರು. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗಲಿತು. ಗುಂಡು ದೇಹದೊಳಗೆ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಆಗಿನ್ನೂ ಎಕ್ಸ್-ಕಿರಣ ಇರಲಿಲ್ಲ. ಬೆಲ್ ತಮ್ಮ ಸಾಧನ ತಂದರು. ಮುಖ್ಯ ವೈದ್ಯರು ಗುಂಡು ಬಲಗಡೆಯೇ ಇದೆ ಎಂದು ನಿಶ್ಚಯಿಸಿಬಿಟ್ಟಿದ್ದರು. ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಅಡ್ಡಿಯಾದವೆಂದು ಹೇಳುತ್ತಾರೆ. ಗುಂಡು ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಗುಂಡು ಇದ್ದದ್ದು ಎಡಗಡೆ.

ನಾನು ಎದ್ದು ಕೂತೆ. ವಿಮಾನ ಬಿದ್ದದ್ದು ಈ ಹೊಲದಲ್ಲಿ ಎಂದು ನನಗೆ ಹೇಳಿದವರು ಯಾರು? ಹುಡುಗಿ. ಅವಳು ನೋಡಿದ್ದಳೇ? ಇಲ್ಲ. ನೋಡಿದವರು ಹೊಸಕೋಟೆಯ ಕಿರಿಮಗನ ಮನೆಯಲ್ಲಿದ್ದರು. ಕಾಡುಗೋಡಿಯಿಂದ ಅಲ್ಲಿಗೆ ಒಂದು ಬಸ್ಸು ಹಿಡಿದರಾಯಿತು. ಎಂ.ಎಸ್ಸಿ. ಓದಿದ ನನಗೆ ತಂತಿ ಸುತ್ತಲು ಬಿಡುವಿತ್ತು, ಒಬ್ಬ ಮುದುಕರನ್ನು ಹೋಗಿ ಕೇಳಲು ತೋಚಲಿಲ್ಲ.

ಮಾರನೆಯ ಭಾನುವಾರ ಹುಡುಗಿ, ಅವಳ ತಂದೆ, ನಾನು ಹೊಸಕೋಟೆಗೆ ಹೋದೆವು. ಮುತ್ತಾತನಿಗೆ ತೊಂಬತ್ತರ ಹತ್ತಿರ. ಕಣ್ಣು ಮಂಜು, ಕಿವಿ ಚುರುಕು. "ವಿಮಾನ ಹೊಲದಲ್ಲಿ ಬಿತ್ತಲ್ಲವೇ?" ಎಂದೆಲ್ಲ ಕೇಳಬಾರದು, ನಮ್ಮ ಮಾತನ್ನು ಅವರ ಬಾಯಿಗೆ ಹಾಕಬಾರದು ಎಂದು ಹುಡುಗಿಗೆ ಮೊದಲೇ ಹೇಳಿದ್ದೆ. "ತಾತ, ಏನ್ ನೋಡ್ದೆ, ಮೊದಲಿಂದ ಹೇಳು" ಎಂದಳು ಅವಳು.

"ನಾನಾಗ ಹತ್ತು ವರ್ಷದೋನು. ದನ ಕಾಯ್ತಿದ್ದೆ. ಬಂತು ನೋಡು, ಹೊಟ್ಟೆ ದೋಣಿ ಹಂಗೆ. ರೆಕ್ಕೆ ಮೈಮೇಲಿಲ್ಲ, ತಲೆ ಮೇಲೆ ಎತ್ತಿ ಕಟ್ದಂಗಿತ್ತು. ಕೆರೆಗೆ ಬಿತ್ತು. ನೀರು ತೆಂಗಿನ ಮರದುದ್ದ ಹಾರ್ತು."

"ಯಾವ ಕೆರೆ ತಾತ?"

"ಇನ್ಯಾವ ಕೆರೆ? ನಮ್ ಕೆರೆ. ಬೆಳ್ಳಂದೂರು."

ಅವರು ಹುಟ್ಟಿ ಬೆಳೆದದ್ದು ಬೆಳ್ಳಂದೂರಿನ ಕಡೆ. ಕಾಡುಗೋಡಿಗೆ ಬಂದದ್ದು ಮದುವೆಯಾದ ಮೇಲೆ, ಮನೆ ಅಳಿಯನಾಗಿ. ಮುತ್ತಾತ 'ನಮ್ ಕೆರೆ' ಎಂದದ್ದು ತಮ್ಮ ಬಾಲ್ಯದ ಕೆರೆಯನ್ನು; ಹುಡುಗಿ ಕೇಳಿಸಿಕೊಂಡದ್ದು ತನ್ನ ಊರಿನ ಕೆರೆ ಎಂದು. ಅವಳು ನನ್ನ ಮುಖ ನೋಡಿದಳು. ನಾನು ಅವಳ ಪುಸ್ತಕ ನೋಡಿದೆ. ಮೂರು ಶನಿವಾರ!

"ಮಾರನೇ ದಿನ ಹೋದ್ವಿ. ಸಿಪಾಯಿಗಳು ಹತ್ರ ಬಿಡಲಿಲ್ಲ. ಎದೆಮಟ್ಟ ನೀರಿಗೆ ಇಳ್ದು ಅದಕ್ಕೆ ಗಾಲಿ ಕಟ್ತಿದ್ರು. ಆಮೇಲೆ ಎಳ್ಕೊಂಡು ಹೋದ್ರು" ಎಂದು ಮುತ್ತಾತ ಮುಂದುವರಿಸಿದರು.

ಗಾಲಿ ಕಟ್ಟಿದರು ಎಂಬ ಮಾತಿಗೆ ನನ್ನ ಮೈ ಜುಮ್ಮೆಂದಿತು. ಕ್ಯಾಟಲಿನಾ ಎಂಬ ವಿಮಾನದ ಬಗ್ಗೆ ಓದಿದ್ದೆ. ಇದು ನೀರಿನ ಮೇಲೆ ಇಳಿಯುವ, ನೀರಿನಿಂದಲೇ ಏರುವ ವಿಮಾನ. ಹೊಟ್ಟೆ ದೋಣಿಯ ಆಕಾರ. ರೆಕ್ಕೆ ಮೈಗಿಂತ ಮೇಲೆ, ಒಂದು ಕಂಬದ ಮೇಲೆ ಹೊತ್ತಂತೆ ಇರುತ್ತದೆ. ತುದಿಯಿಂದ ತುದಿಗೆ ಸುಮಾರು 32 ಮೀಟರ್. ಅದರ ಒಂದು ಮಾದರಿಗೆ ಸ್ವಂತ ಗಾಲಿಗಳೇ ಇಲ್ಲ. ದಡ ಹತ್ತಿಸಬೇಕಾದರೆ ಜನ ನೀರಿಗಿಳಿದು ಬೇರೆ ಗಾಲಿಗಳನ್ನು ತಗುಲಿಸಿ ಟ್ರ್ಯಾಕ್ಟರಿನಿಂದ ಎಳೆಯಬೇಕು. ಯುದ್ಧಕಾಲದಲ್ಲಿ ಕ್ಯಾಟಲಿನಾಗಳು ದುರಸ್ತಿಗಾಗಿ ಬೆಂಗಳೂರಿಗೆ ಬಂದಾಗ ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಕಾರ್ಖಾನೆಯ ರನ್‌ವೇಗೆ ದಕ್ಷಿಣದಲ್ಲೇ ಇರುವ, ಮೂರೂವರೆ ಕಿಲೋಮೀಟರಿನಷ್ಟು ಉದ್ದದ ಕೆರೆ ಅದು. ನೀವು ಆ ಕೆರೆಯನ್ನು ನೊರೆಗೆ, 2017 ಮತ್ತು 2018ರಲ್ಲಿ ಹತ್ತಿದ ಬೆಂಕಿಗೆ ಮಾತ್ರ ಬಲ್ಲಿರಿ. ಅದರ ಮೇಲೆ ವಿಮಾನ ಇಳಿಯುತ್ತಿತ್ತು ಎಂದರೆ ನಂಬುವುದು ಕಷ್ಟವೇ.

ಆದರೂ ಆತುರ ಬೇಡವೆಂದು ಸುಮ್ಮನಾದೆ. ಮುಂದಿನ ಭಾನುವಾರ ನಾಲ್ಕು ವಿಮಾನಗಳ ದೊಡ್ಡ ಚಿತ್ರಗಳನ್ನು ಮುದ್ರಿಸಿಕೊಂಡು ಹೋದೆ. ಲಿಬರೇಟರ್, ಡಕೋಟಾ, ಮಿಚೆಲ್, ಕ್ಯಾಟಲಿನಾ. ಹೆಸರು ಬರೆದಿರಲಿಲ್ಲ. ಹುಡುಗಿ ಒಂದೊಂದಾಗಿ ಕೊಟ್ಟಳು. ಮುತ್ತಾತ ಬಿಸಿಲಿಗೆ ಹಿಡಿದು, ಕಣ್ಣಿಗೆ ತೀರಾ ಹತ್ತಿರ ತಂದು ನೋಡಿದರು. ಮೂರನ್ನು ಪಕ್ಕಕ್ಕಿಟ್ಟರು. ನಾಲ್ಕನೆಯದರ ರೆಕ್ಕೆಯ ಮೇಲೆ ಬೆರಳಾಡಿಸಿ, "ಇದೇ" ಎಂದರು.

ಹುಡುಗಿ ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ನಾನೇ ಬರೆಸಿದ್ದ 'ವಿಮಾನ ಬಿದ್ದ ಜಾಗ' ಎಂಬ ತಲೆಬರಹದಲ್ಲಿ 'ಬಿದ್ದ' ಎಂಬುದನ್ನು ಹೊಡೆದುಹಾಕಿ 'ಇಳಿದ' ಎಂದು ಬರೆದಳು. ಆಮೇಲೆ ಮುತ್ತಾತನ ಕಿವಿಯ ಹತ್ತಿರ ಹೋಗಿ, "ತಾತ, ಅದು ಬೀಳಲಿಲ್ಲ. ಅದು ಇಳಿಯೋದೇ ಹಂಗೆ. ನೀರಿನ ವಿಮಾನ ಅದು" ಎಂದಳು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರೆ ಒಳಗಿದ್ದೋರು ಸಾಯಲಿಲ್ವಾ ಮೇಷ್ಟ್ರೇ?" ಎಂದು ಕೇಳಿದರು.

"ಆ ಒಂದು ವಿಮಾನದ ವಿಷಯ ನಾನು ಆಣೆ ಮಾಡಿ ಹೇಳಲಾರೆ ತಾತ. ಆದರೆ ಮುರಿದುಬಿದ್ದ ವಿಮಾನಕ್ಕೆ ಯಾರೂ ನೀರಿಗಿಳಿದು ಗಾಲಿ ಕಟ್ಟಲ್ಲ" ಎಂದೆ.

"ನಮ್ಮವ್ವ ಅವರು ಸತ್ರು ಅಂತ ಮೂರು ದಿನ ಕೆರೆ ಏರಿ ಮೇಲೆ ದೀಪ ಇಟ್ಲು. ಯಾರು ಹೆತ್ತ ಮಕ್ಕಳೋ ಅಂತ. ಯುದ್ಧದ ಕಾಲ, ಸೀಮೆಎಣ್ಣೆ ಕಣ್ಣಿಗೂ ಸಿಗ್ತಿರಲಿಲ್ಲ. ಮನೇಲಿ ಕತ್ತಲೇಲೇ ಉಂಡ್ವಿ." ಮುತ್ತಾತ ನಗತೊಡಗಿದರು. "ಸುಮ್ ಸುಮ್ನೆ ಮೂರು ದಿನದ ಎಣ್ಣೆ ಸುಟ್ಲಲ್ಲ ನಮ್ಮವ್ವ!" ಎಂದು ನಗುತ್ತಲೇ ಹೆಗಲ ಮೇಲಿನ ಟವಲ್ಲಿನ ತುದಿಯಿಂದ ಕಣ್ಣು ಒರೆಸಿಕೊಂಡರು.